ವಿದ್ಯುನ್ಮಾನ ಗ್ರಂಥವೂ ಅದರ ವಾಚಕವರ್ಗಗಳೂ: ಕುಡತಿನಿಯ ನೆಲೆಯಿಂದ ಒಂದು ವಿವೇಚನೆ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ, ಜಿಲ್ಲಾಕೇಂದ್ರದಿಂದ ಸುಮಾರು 20 ಕಿಲೋಮೀಟರು ದೂರದಲ್ಲಿರುವ ಕುಡತಿನಿಯು ಪ್ರಾಕ್ತನಶಾಸ್ತ್ರಜ್ಞರಿಗೆ ಬೂದಿದಿಬ್ಬದ ಊರೆಂದು ಪರಿಚಿತವಾದುದು. ನವಶಿಲಾಯುಗದ ಪಶುಪಾಲಕರು ಸಗಣಿಯ ರಾಶಿಗಳನ್ನು ಸುಟ್ಟುದರಿಂದ ಉಂಟಾದ ಇಂತಹ ದಿಬ್ಬಗಳು ಬಳ್ಳಾರಿ ಸೀಮೆಯಲ್ಲಿ ಹಲವಿವೆ. ಇಂದು ಅದೇ ಊರಿನಲ್ಲಿ 500, 500 ಮತ್ತು 700 ಮೆಗಾವಾಟ್ ಸಾಮರ್ಥ್ಯದ ಮೂರು ಘಟಕಗಳುಳ್ಳ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದ್ದು, ಕಲ್ಲಿದ್ದಲಿನ ಹೊಸ ಬೂದಿ ಹಳೆಯ ಬೂದಿಗೆ ನೆರೆಯಾಗಿದೆ. ವಿದ್ಯುತ್ತಿನ ಊರಿಗೂ ವಿದ್ಯುನ್ಮಾನ ಗ್ರಂಥಕ್ಕೂ ಇರುವ ನಂಟು ಕೇವಲ ಶಬ್ದದ್ದೆಂದು ತೋರಬಹುದು. ಆದರೆ ಈ ಊರಿನ ವಾಚಕನೊಬ್ಬನಿಗೆ ಒಂದು ಹಳೆಯ ಗ್ರಂಥ ಹೇಗೆ ದೊರೆಯುತ್ತದೆ, ದೊರೆತುದು ಯಾವ ರೂಪದಲ್ಲಿ ಅವನಿಗೆ ಉಪಯುಕ್ತವಾಗುತ್ತದೆ ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ, ಹಸ್ತಪ್ರತಿಶಾಸ್ತ್ರಜ್ಞರು ಉಪೇಕ್ಷಿಸಲಾಗದ ಹಲವು ಸಂಗತಿಗಳು ಎದುರಾಗುತ್ತವೆ.

ಮೊದಲು ಈ ಸೀಮೆಯ ಶಾಸನಗಳನ್ನೇ ನೋಡಬಹುದು. ಬಳ್ಳಾರಿ ಜಿಲ್ಲೆಯು 1953ರ ಅಕ್ಟೋಬರ್ 1ರವರೆಗೆ ಮದ್ರಾಸು ಆಡಳಿತಕ್ಕೆ ಸೇರಿದ್ದ ಕಾರಣ, ಅದರ ಶಾಸನಗಳು ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳಲ್ಲಿ ಬರಲಿಲ್ಲ. 1939ರಲ್ಲಿ ಪ್ರಕಟವಾದ 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಗ್ರಂಥಮಾಲೆಯ 9ನೆಯ ಸಂಪುಟದಲ್ಲಿ ಸೇರಿದುವು. ಮೈಸೂರು ಸೀಮೆಯ ಹಳೆಯ ಗ್ರಂಥಾಲಯಗಳಲ್ಲಿ ರೈಸರ ಸಂಪುಟಗಳು ಕಂಡಷ್ಟು ಸುಲಭವಾಗಿ ಈ ಸಂಪುಟ ಕಾಣುವುದಿಲ್ಲ. ತನ್ನ ಸುತ್ತಿನ ಊರುಗಳ ಬಸದಿ, ಗುಡಿ, ಕೆರೆಗಳ ದಾನಶಾಸನವನ್ನು ಓದಬೇಕೆಂಬ ಕುಡತಿನಿಯ ಅಧ್ಯಾಪಕನೊಬ್ಬನು ಮೂವತ್ತು ವರ್ಷಗಳ ಹಿಂದೆ ದೂರದ ವಿಶ್ವವಿದ್ಯಾಲಯವೊಂದರ ಗ್ರಂಥಾಲಯಕ್ಕೆ ಹೋಗಿ, ಅನುಮತಿ ಪಡೆದು, ಕೈಯಿಂದ ನಕಲು ಮಾಡಿಕೊಳ್ಳಬೇಕಾಗಿತ್ತು. ಈಗ ಆ ಸಂಪುಟದ ಪುಟಚಿತ್ರಗಳು ಅವನ ಕೈಯ ದೂರವಾಣಿಯ ತೆರೆಯ ಮೇಲೆಯೇ ತೆರೆದುಕೊಳ್ಳುತ್ತವೆ. ದೊರೆಯುವುದರ ಮಟ್ಟಿಗೆ ಇದು ಅಲ್ಪವಾದ ಲಾಭವಲ್ಲ. ಆದರೆ ದೊರೆಯುವುದು ಬೇರೆ, ಓದಲು ಬರುವುದು ಬೇರೆ.

ಸಾಮಾನ್ಯವಾಗಿ 'ಇ-ಪುಸ್ತಕ' ಎಂಬ ಒಂದೇ ಹೆಸರಿನಿಂದ ಕರೆಯಲ್ಪಡುವ ವಸ್ತುವಿನಲ್ಲಿ ಸ್ವಭಾವತಃ ಭಿನ್ನವಾದ ಎರಡು ಬಗೆಗಳಿವೆ. ಒಂದು ಚಿತ್ರಪ್ರತಿ. ಓಲೆಗರಿಯನ್ನೋ ಮುದ್ರಿತ ಪುಟವನ್ನೋ ಛಾಯಾಗ್ರಹಣ ಮಾಡಿ ಪಿಡಿಎಫ್ ಮುಂತಾದ ಕಡತದಲ್ಲಿ ಪೋಣಿಸಿದುದು ಇದು. ಕಣ್ಣಿಗೆ ಅಕ್ಷರಗಳು ಕಂಡರೂ ಯಂತ್ರದ ಪಾಲಿಗೆ ಅದು ಕಪ್ಪು-ಬಿಳುಪಿನ ಚುಕ್ಕೆಗಳ ರಾಶಿ ಮಾತ್ರ. ಇನ್ನೊಂದು ಅಕ್ಷರಪ್ರತಿ. ಇದರಲ್ಲಿ ಪ್ರತಿಯೊಂದು ವರ್ಣಕ್ಕೂ ನಿಯತವಾದ ಸಂಕೇತಸಂಖ್ಯೆಯಿದ್ದು, ಓದುವ ಸಾಧನವು ಅದನ್ನು ತನಗೆ ಬೇಕಾದ ಗಾತ್ರದಲ್ಲಿ, ಬೇಕಾದ ಸಾಲಿನ ಉದ್ದದಲ್ಲಿ ಬರೆದು ತೋರಿಸುತ್ತದೆ. ಇಪಬ್ ಎಂಬ ಕಡತರೂಪವು ಈ ವರ್ಗಕ್ಕೆ ಸೇರಿದುದು. ಯಾವ ವಾಚಕನಿಗೆ ಯಾವ ಬಗೆ ಎಂಬ ವಿವೇಕವಿಲ್ಲದೆ 'ಗಣಕೀಕರಣವಾಯಿತು' ಎಂದು ತೃಪ್ತಿಪಡುವುದು ಇಂದಿನ ಅನೇಕ ಯೋಜನೆಗಳ ದೋಷ.

ಪಾಠಶೋಧನೆಯಲ್ಲಿ ತೊಡಗಿದ ವಿದ್ವಾಂಸನಿಗೆ ಚಿತ್ರಪ್ರತಿಯೇ ಮುಖ್ಯ. ಹಳೆಯ ಓಲೆಗಳಲ್ಲಿ ಎಕಾರ-ಏಕಾರಗಳ, ಒಕಾರ-ಓಕಾರಗಳ ಹ್ರಸ್ವದೀರ್ಘ ಭೇದವು ಲಿಪಿಯಲ್ಲಿ ಕಾಣುವುದಿಲ್ಲ. ಪ್ರಾಕೃತ ಪ್ರತಿಗಳಲ್ಲಿ ವ್ಯಂಜನದ ಹಿಂದಿನ ಸೊನ್ನೆಯು ಕೆಲವೆಡೆ ಅನುಸ್ವಾರವನ್ನೂ ಕೆಲವೆಡೆ ದ್ವಿತ್ವವನ್ನೂ ಸೂಚಿಸುತ್ತದೆ. ಇವನ್ನು ನಿರ್ಣಯಿಸುವವನು ಲಿಪಿಕಾರನ ಕೈಬರಹವನ್ನೇ ನೋಡಬೇಕಲ್ಲದೆ ಮತ್ತೊಬ್ಬನ ನಿರ್ಣಯವನ್ನಲ್ಲ. ಮೂಡಬಿದಿರೆಯ ಸಿದ್ಧಾಂತ ಬಸದಿಯ ಧವಲಾದಿ ಗ್ರಂಥಗಳ ಇತಿಹಾಸ ಈ ಪತ್ರಿಕೆಯ ವಾಚಕರಿಗೆ ವಿದಿತವಾದುದು. ಕ್ರಿ. ಶ. 816ರಲ್ಲಿ ವೀರಸೇನಾಚಾರ್ಯರು ಮುಗಿಸಿದ ಆ ಟೀಕೆಯ ಓಲೆಗಳು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಮೀಸಲಾಗಿದ್ದು, ನಕಲಿನ ಕೆಲಸ 19ನೆಯ ಶತಮಾನದ ಕೊನೆಯಲ್ಲಿ ಆರಂಭವಾಗಿ ದಶಕಗಳ ಕಾಲ ನಡೆದು, ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ 1939ರಲ್ಲಿ ಬೆಳಕು ಕಂಡಿತು. ಮೊದಮೊದಲು ಸಂಪಾದಕರ ಕೈಗೆ ಸಿಕ್ಕಿದುದು ಮೂಲದ ಓಲೆಯಲ್ಲ, ನಕಲಿನ ನಕಲು. ಓಲೆಯ ಒಂದು ಒಳ್ಳೆಯ ಛಾಯಾಚಿತ್ರ ಅಂದು ಅವರ ಮೇಜಿನ ಮೇಲೆ ಇದ್ದಿದ್ದರೆ ಎಷ್ಟು ಶ್ರಮ ಉಳಿಯುತ್ತಿತ್ತೆಂಬುದನ್ನು ಊಹಿಸಬಹುದು.

ಆದರೆ ಇದೇ ಚಿತ್ರಪ್ರತಿಯನ್ನು ಕುಡತಿನಿಯ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿನಿಯ ಕೈಗೆ ಕೊಟ್ಟರೆ ಆಗುವುದು ಬೇರೆ. ಅವಳಲ್ಲಿರುವುದು ಅಂಗೈಯಗಲದ ತೆರೆ. ಡೆಮ್ಮಿ ಆಕಾರದ ಪುಟವನ್ನು ಆ ತೆರೆಗೆ ಕುಗ್ಗಿಸಿದರೆ ಒತ್ತಕ್ಷರಗಳು ಮಸಿಯ ಚುಕ್ಕೆಗಳಾಗುತ್ತವೆ. ಹಿಗ್ಗಿಸಿದರೆ ಪದ್ಯದ ಸಾಲು ತೆರೆಯಿಂದ ಹೊರಗೆ ಹೋಗುತ್ತದೆ. ಒಂದು ಕಂದಪದ್ಯ ಓದುವುದಕ್ಕೆ ಪುಟವನ್ನು ಎಡಕ್ಕೂ ಬಲಕ್ಕೂ ಎಂಟು ಸಲ ಸರಿಸಬೇಕಾದಲ್ಲಿ ಓದು ನಡೆಯುವುದಾದರೂ ಹೇಗೆ? ಬಸ್ಸಿನಲ್ಲಿ ಬಳ್ಳಾರಿಗೆ ಹೋಗಿ ಬರುವ ಅವಧಿಯೇ ಅವಳ ವ್ಯಾಸಂಗದ ಅವಧಿಯಾಗಿದ್ದರೆ ಅವಳಿಗೆ ಬೇಕಾದುದು ಅಕ್ಷರಪ್ರತಿ. ಕಡತವೂ ಹಗುರ: ನೂರಾರು ಪುಟಗಳ ಚಿತ್ರಪ್ರತಿಯ ಗಾತ್ರದ ಒಂದು ಸಣ್ಣ ಅಂಶದಲ್ಲಿ ಅಷ್ಟೂ ಗ್ರಂಥದ ಅಕ್ಷರಪ್ರತಿ ಅಡಗುತ್ತದೆ. ಅಂತರಜಾಲದ ಸಂಪರ್ಕಕ್ಕೆ ದಿನದ ಲೆಕ್ಕದಲ್ಲಿ ಹಣ ತೆರುವವರಿಗೆ ಇದು ನಗಣ್ಯವಲ್ಲ.

ಅಕ್ಷರಪ್ರತಿಯಲ್ಲಿ ಇನ್ನೊಂದು ಶಕ್ತಿಯಿದೆ, ಅದು ಶೋಧ. ಒಂದು ಪದ ಪಂಪನಲ್ಲಿ ಎಷ್ಟು ಸಲ, ಎಲ್ಲೆಲ್ಲಿ ಬಂದಿದೆ ಎಂಬುದನ್ನು ತಿಳಿಯಲು ಹಿಂದಿನವರು ಚೀಟಿಗಳಲ್ಲಿ ವರ್ಷಗಟ್ಟಲೆ ಬರೆದಿಟ್ಟುಕೊಳ್ಳಬೇಕಾಗಿತ್ತು. ವಚನಸಾಹಿತ್ಯದ ಮಟ್ಟಿಗೆ 'ವಚನ ಸಂಚಯ' ಎಂಬ ತಾಣವು ಈ ಕೆಲಸವನ್ನು ಕ್ಷಣದಲ್ಲಿ ಮಾಡಿಕೊಡುತ್ತಿದೆ. ಚಂಪೂಕಾವ್ಯಗಳಿಗೆ ಅಂತಹ ಸಂಪೂರ್ಣವಾದ, ಶುದ್ಧವಾದ ಏರ್ಪಾಡು ಸಿದ್ಧವಾಗಬೇಕಾದರೆ ಮೊದಲು ಅಕ್ಷರಗಳ ಪ್ರಶ್ನೆ ಬಗೆಹರಿಯಬೇಕು.

ಈ ಪ್ರಶ್ನೆಯನ್ನು ಸ್ವಲ್ಪ ವಿವರವಾಗಿಯೇ ನೋಡುವುದು ಅವಶ್ಯ. ಯೂನಿಕೋಡ್ ಎಂಬ ಜಾಗತಿಕ ಸಂಕೇತವ್ಯವಸ್ಥೆಯಲ್ಲಿ ಕನ್ನಡದ ಱಕಾರಕ್ಕೂ ೞಕಾರಕ್ಕೂ ಸ್ಥಾನವಿದೆ. ವಿನೋದವೆಂದರೆ, ೞಕಾರಕ್ಕೆ ಆ ಪಟ್ಟಿಯಲ್ಲಿ ತಪ್ಪಾಗಿ 'ಫ' ಎಂಬ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಿದ್ದುಪಡಿಯ ಹೆಸರೊಂದನ್ನು ಪಕ್ಕದಲ್ಲಿ ಸೇರಿಸಿ ಸುಮ್ಮನಾಗಬೇಕಾಯಿತು. ಹಳೆಯ ಬರಹದ ನಕಾರಪೊಲ್ಲಿಗೆ 2021ರ 14ನೆಯ ಆವೃತ್ತಿಯಲ್ಲಿ ಮಾತ್ರ ಸ್ಥಾನ ದೊರೆಯಿತು. ಸ್ಥಾನವಿದ್ದರೂ ಎಲ್ಲ ಸಾಧನಗಳ ಅಕ್ಷರವಿನ್ಯಾಸದಲ್ಲೂ ರೂಪವಿರುತ್ತದೆಂಬ ಭರವಸೆಯಿಲ್ಲ; ರೂಪವಿಲ್ಲದಲ್ಲಿ ಖಾಲಿ ಚೌಕ ಕಾಣುತ್ತದೆ. ಇದಕ್ಕಿಂತ ಅಪಾಯಕರವಾದುದು ಕಾಣದ ದೋಷ. ಮುದ್ರಿತ ಪುಟದ ಚಿತ್ರದಿಂದ ಯಂತ್ರವೇ ಅಕ್ಷರಗಳನ್ನು ಗುರುತಿಸಿ ಬರೆಯುವ ವಿಧಾನವೊಂದಿದೆ. ಅದು ಇಂದಿನ ಕನ್ನಡವನ್ನು ಬಹುಮಟ್ಟಿಗೆ ಸರಿಯಾಗಿ ಓದುತ್ತದೆ. ಹಳಗನ್ನಡದ ಪುಟದಲ್ಲಿ ಮುಗ್ಗರಿಸುತ್ತದೆ. ಬಕಾರ-ಭಕಾರ, ದಕಾರ-ಧಕಾರ, ಮಕಾರ-ವುಕಾರಗಳ ಗೊಂದಲವನ್ನು ತಿದ್ದುವವನು ಸುಲಭವಾಗಿ ಹಿಡಿದಾನು. ಆದರೆ ೞಕಾರ ಇದ್ದಲ್ಲಿ ಳಕಾರ, ಱಕಾರ ಇದ್ದಲ್ಲಿ ರಕಾರ ಕುಳಿತರೆ ಹೊಸಗನ್ನಡದ ಕಣ್ಣಿಗೆ ದೋಷವೇ ತೋರುವುದಿಲ್ಲ. ಬಾೞ್ ಎಂದರೆ ಜೀವಿಸು, ಬಾಳ್ ಎಂದರೆ ಖಡ್ಗ. ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ತೆಱೆ ಕಂದಾಯ, ತೆರೆ ಅಲೆ. 13ನೆಯ ಶತಮಾನದಲ್ಲಿ ಕೇಶಿರಾಜನು ರೞ, ಕುಳ, ಕ್ಷಳಗಳ ವಿವೇಚನೆಗೆ ಅಷ್ಟು ಶ್ರಮಪಟ್ಟುದು ಇಂತಹ ಸಾಂಕರ್ಯವನ್ನು ತಡೆಯುವುದಕ್ಕೇ ಅಲ್ಲವೆ?

ಬೆರಳಚ್ಚಿನಲ್ಲಿ ಮತ್ತೊಂದು ದೋಷ ಸರ್ವತ್ರ ಕಾಣುತ್ತದೆ. ಅನುಸ್ವಾರದ ಬಿಂದುವಿನ ಬದಲು ಕನ್ನಡ ಅಂಕಿಯ ಸೊನ್ನೆಯನ್ನು ಒತ್ತುವ ಅಭ್ಯಾಸ ಅದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಒಂದು ಅಕ್ಷರಚಿಹ್ನೆ, ಇನ್ನೊಂದು ಸಂಖ್ಯೆ. ಹೀಗೆ ಬರೆದ ಗ್ರಂಥದಲ್ಲಿ 'ಪಂಪ' ಎಂದು ಹುಡುಕಿದರೆ ಪಂಪನೇ ಸಿಕ್ಕುವುದಿಲ್ಲ. ಯೂನಿಕೋಡಿಗೆ ಮುಂಚಿನ ಅಕ್ಷರವಿನ್ಯಾಸಗಳಲ್ಲಿ ಜೋಡಿಸಿದ ನೂರಾರು ಸಂಪಾದಿತ ಗ್ರಂಥಗಳ ಕಡತಗಳ ಸ್ಥಿತಿಯಂತೂ ಇನ್ನೂ ಶೋಚನೀಯ. ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ಅವು ರೋಮನ್ ಅಕ್ಷರಗಳ ಅರ್ಥಹೀನ ಸಾಲುಗಳಾಗಿ ಕಾಣುತ್ತವೆ.

ಗ್ರಂಥಸಂಪಾದನೆಯ ದೃಷ್ಟಿಯಿಂದ ಇಲ್ಲಿರುವ ಗಂಡಾಂತರ ಹಿಂದೆಂದೂ ಇಲ್ಲದ ಬಗೆಯದು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾದ ವಿಷಯ. ಆ ಸಾವಿರ ಪ್ರತಿಗಳನ್ನು ಹಲವು ಕೈಗಳು ಬರೆದಿರಬೇಕು. ಒಬ್ಬನು ತಪ್ಪಿದಲ್ಲಿ ಇನ್ನೊಬ್ಬನು ತಪ್ಪಿರಲಾರನು. ಪ್ರತಿಗಳೊಳಗಿನ ಈ ಭಿನ್ನತೆಯೇ ಪಾಠಾಂತರಗಳಾಗಿ, ಮೂಲಪಾಠವನ್ನು ಮರಳಿ ಪಡೆಯುವ ಸಾಧನವಾಗುತ್ತದೆ. ಅಕ್ಷರಪ್ರತಿಯಾದರೋ ಒಂದರಿಂದ ಲಕ್ಷವಾದರೂ ಅವೆಲ್ಲ ಒಂದೇ. ಅದರಲ್ಲಿ ಹೊಕ್ಕ ತಪ್ಪು ಎಲ್ಲ ಪ್ರತಿಗಳಲ್ಲೂ ಒಂದೇ ಸ್ಥಾನದಲ್ಲಿ ಒಂದೇ ರೂಪದಲ್ಲಿರುತ್ತದೆ. ಪಾಠಾಂತರವೇ ಇಲ್ಲದ ಪಾಠದೋಷಕ್ಕೆ ಆಂತರಿಕ ಪ್ರಮಾಣದಿಂದ ಪರಿಹಾರವಿಲ್ಲ. ಆದುದರಿಂದ ಅಕ್ಷರಪ್ರತಿಯ ಪಕ್ಕದಲ್ಲಿ ಅದು ಯಾವ ಪುಟದಿಂದ ಬಂದಿತೋ ಆ ಪುಟದ ಚಿತ್ರವೂ ಇರಬೇಕಾದುದು ಅನಿವಾರ್ಯ. ಕನ್ನಡ ವಿಕಿಸೋರ್ಸ್ ತಾಣದಲ್ಲಿ ಒಂದು ಬದಿಯಲ್ಲಿ ಚಿತ್ರ, ಇನ್ನೊಂದು ಬದಿಯಲ್ಲಿ ಅಕ್ಷರ ಇಟ್ಟು, ಒಬ್ಬರು ತಿದ್ದಿದುದನ್ನು ಮತ್ತೊಬ್ಬರು ಪರಿಶೀಲಿಸುವ ಕ್ರಮವಿದೆ. ಕ್ರಮ ಉತ್ತಮವಾದುದು, ಹಳಗನ್ನಡವನ್ನು ಬಲ್ಲ ಪರಿಶೀಲಕರ ಕೊರತೆಯೇ ದೊಡ್ಡದು. ಪಂಡಿತರು ಯಂತ್ರದಿಂದ ದೂರ ನಿಂತಷ್ಟೂ ಈ ಕೆಲಸ ಹಳಗನ್ನಡದ ಪರಿಚಯವಿಲ್ಲದ ಉತ್ಸಾಹಿಗಳ ಪಾಲಾಗುತ್ತದೆ, ಮತ್ತು ಅವರನ್ನು ಆಕ್ಷೇಪಿಸುವ ಅಧಿಕಾರ ಆಗ ಯಾರಿಗೂ ಉಳಿಯುವುದಿಲ್ಲ.

ದೃಷ್ಟಿಹೀನ ವಾಚಕರ ವಿಷಯದಲ್ಲಿ ಚಿತ್ರ-ಅಕ್ಷರಗಳ ಭೇದ ಅತ್ಯಂತ ಕಠೋರವಾಗಿ ತೋರುತ್ತದೆ. ತೆರೆಯ ಮೇಲಿನ ಬರಹವನ್ನು ಧ್ವನಿಯಾಗಿಸುವ ಎನ್‌ವಿಡಿಎಯಂತಹ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ, ಕನ್ನಡವನ್ನೂ ಓದುತ್ತವೆ. ಅಕ್ಷರಪ್ರತಿಯನ್ನು ಅವು ಆದಿಯಿಂದ ಅಂತ್ಯದವರೆಗೆ ಓದಿ ಹೇಳುತ್ತವೆ. ಚಿತ್ರಪ್ರತಿ ಅವಕ್ಕೆ ಬರಿಯ ಓಲೆ. ಗ್ರಂಥಗಳನ್ನು ಇಂತಹ ವಾಚಕರಿಗೆ ಅನುಕೂಲವಾದ ರೂಪಕ್ಕೆ ಪರಿವರ್ತಿಸುವುದಕ್ಕೆ 2012ರ ಹಕ್ಕುಸ್ವಾಮ್ಯ ತಿದ್ದುಪಡಿ ಶಾಸನವು ಅವಕಾಶ ಕಲ್ಪಿಸಿತು. 2013ರ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಸ್ಥಿರೀಕರಿಸಿದುದು ಭಾರತವೇ. 2016ರಲ್ಲಿ 'ಸುಗಮ್ಯ ಪುಸ್ತಕಾಲಯ' ಎಂಬ ಅಂತರಜಾಲ ಗ್ರಂಥಾಲಯವೂ ಆರಂಭವಾಯಿತು. ಶಾಸನದ ಬಾಗಿಲು ತೆರೆದಿದೆ. ಒಳಗೆ ಇಡಬೇಕಾದ ಹಳಗನ್ನಡದ ಮತ್ತು ಪ್ರಾಕೃತದ ಶುದ್ಧ ಅಕ್ಷರಪ್ರತಿಗಳನ್ನು ಒದಗಿಸಬೇಕಾದವರು ವಿದ್ವತ್‌ಸಂಸ್ಥೆಗಳವರು. ಒದಗಿಸುವಾಗ ಸಣ್ಣದೊಂದು ಎಚ್ಚರ ಬೇಕು. ಪದ್ಯದ ನಡುವೆ ಪಾಠಾಂತರದ ಅಂಕಿಗಳನ್ನು ಸೇರಿಸಿದರೆ ಯಂತ್ರವು ಆ ಅಂಕಿಗಳನ್ನೂ ಗಟ್ಟಿಯಾಗಿ ಓದಿ ಛಂದಸ್ಸನ್ನು ಕೆಡಿಸುತ್ತದೆ. ಪಾಠಾಂತರಗಳನ್ನು ಪದ್ಯ ಮುಗಿದ ಬಳಿಕ, ಸಂಬಂಧಿಸಿದ ಪದವನ್ನು ಮತ್ತೆ ಹೇಳಿ ಕೊಡುವುದು ಲೇಸು. ಪುರಾಣಶ್ರವಣದ ಪರಂಪರೆಯಲ್ಲಿ ಬೆಳೆದ ನಾಡಿನಲ್ಲಿ ಕಿವಿಯ ಓದುಗನನ್ನು ಹೊಸಬನೆಂದು ಭಾವಿಸುವುದಕ್ಕೆ ಕಾರಣವಿಲ್ಲ.

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಸೀಮೆಯಲ್ಲಿ ಮತ್ತೊಂದು ವಾಚಕವರ್ಗವಿದೆ. ಮನೆಯಲ್ಲಿ ತೆಲುಗನ್ನಾಡುವ, ಕನ್ನಡವನ್ನು ಕೇಳಿ ಚೆನ್ನಾಗಿ ಅರಿಯುವ, ಆದರೆ ತೆಲುಗು ಲಿಪಿಯಲ್ಲಿಯೇ ಓದು ಕಲಿತವರು ಗಡಿಯ ಈಚೆಗೂ ಆಚೆಗೂ ಇದ್ದಾರೆ. ಯೂನಿಕೋಡಿನಲ್ಲಿ ಭಾರತೀಯ ಲಿಪಿಗಳ ಕೋಷ್ಟಕಗಳು ಇಸ್ಕಿ ಎಂಬ ನಮ್ಮ ದೇಶದ ಹಿಂದಿನ ವ್ಯವಸ್ಥೆಯ ಮಾದರಿಯಲ್ಲಿ ರಚಿತವಾದುದರಿಂದ ಸಮಾನಾಕ್ಷರಗಳು ಬಹುಮಟ್ಟಿಗೆ ಸಮಾನಸ್ಥಾನಗಳಲ್ಲಿವೆ. ಕನ್ನಡದ ಕಕಾರಕ್ಕೂ ತೆಲುಗಿನ ಕಕಾರಕ್ಕೂ ಇರುವ ಅಂತರವೇ ಗಕಾರಗಳಿಗೂ ಇದೆ. ಹೀಗಾಗಿ ಕನ್ನಡ ಅಕ್ಷರಪ್ರತಿಯನ್ನು ತೆಲುಗು ಲಿಪಿಗೆ ತಿರುಗಿಸುವುದು ಕ್ಷಣಮಾತ್ರದ ಕೆಲಸ. ಕನ್ನಡ ಲಿಪಿಯ ಪ್ರಾಕೃತ ಗ್ರಂಥವನ್ನು ನಾಗರಿಗೆ ತರುವುದೂ ಹಾಗೆಯೇ. ಧವಲೆಯ ಲಿಪ್ಯಂತರಕ್ಕೆ ಹಿಡಿದ ಕಾಲವನ್ನು ನೆನೆದರೆ ಇದು ವಿಸ್ಮಯಕರ. ಆದರೆ ಮೇಲೆ ಹೇಳಿದ ಸೊನ್ನೆಯ ಸಂದಿಗ್ಧವನ್ನು ಸಂಪಾದಕನು ಮೊದಲೇ ಬಿಡಿಸಿರದಿದ್ದರೆ ಅದೇ ಸಂದಿಗ್ಧ ನಾಗರಿಗೂ ಹಾಗೆಯೇ ಸಾಗುತ್ತದೆ.

ವಯೋವೃದ್ಧರಿಗೆ ಅಕ್ಷರವನ್ನು ಹಿಗ್ಗಿಸಿಕೊಳ್ಳುವ ಸೌಕರ್ಯವೊಂದೇ ಸಾಕು; ಹೆಚ್ಚು ಹೇಳಬೇಕಾಗಿಲ್ಲ. ಯಂತ್ರವನ್ನು ಮುಟ್ಟದ ತ್ಯಾಗಿಗಳ ವಿಷಯ ಹಾಗಲ್ಲ. ಅಪರಿಗ್ರಹದ ನಿಯಮವುಳ್ಳವರಿಗೆ ಮತ್ತು ವಿದ್ಯುತ್ತಿನ ಬಳಕೆಯನ್ನು ವರ್ಜಿಸಿದವರಿಗೆ ಇ-ಪುಸ್ತಕ ನೇರವಾಗಿ ತಲುಪದು. ಆದರೂ ಶ್ರಾವಕನೊಬ್ಬನು ಶುದ್ಧ ಅಕ್ಷರಪ್ರತಿಯಿಂದ ಬೇಕಾದ ಅಧ್ಯಾಯವೊಂದನ್ನೇ ದಪ್ಪಕ್ಷರದಲ್ಲಿ ಕಾಗದದ ಮೇಲೆ ಮುದ್ರಿಸಿ ಸ್ವಾಧ್ಯಾಯಕ್ಕೆ ಒಪ್ಪಿಸಬಹುದು. ಶಾಸ್ತ್ರಗ್ರಂಥಗಳ ಅಚ್ಚಿಗೂ ಒಂದು ಕಾಲದಲ್ಲಿ ಸಮಾಜದಲ್ಲಿ ಪ್ರಬಲ ವಿರೋಧವಿತ್ತೆಂಬುದನ್ನು, ಆ ವಿರೋಧದ ಮೂಲದಲ್ಲಿ ಶ್ರುತದ ಅವಿನಯವಾದೀತೆಂಬ ಪ್ರಾಮಾಣಿಕ ಭೀತಿಯಿತ್ತೆಂಬುದನ್ನು ಮರೆಯಲಾಗದು.

ವ್ಯಾಪಾರದ ದಾರಿಯಿಂದ ಬರುವ ಇ-ಪುಸ್ತಕಗಳಲ್ಲಿ ಹಳಗನ್ನಡಕ್ಕೆ ಸ್ಥಾನ ಕಿರಿದು. 2016ರಲ್ಲಿ ಅಮೆಜಾನ್ ಸಂಸ್ಥೆಯು ತನ್ನ ಕಿಂಡಲ್‌ನಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ತಂದಾಗ ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. 2020ರಲ್ಲಿ ಆರಂಭವಾದ ಮೈಲ್ಯಾಂಗ್ ಮೊದಲಾದ ಕನ್ನಡಿಗರದೇ ಪ್ರಯತ್ನಗಳು ಹೊಸ ಸಾಹಿತ್ಯವನ್ನು ಓದಿನ ಮತ್ತು ಕೇಳುವ ರೂಪಗಳೆರಡರಲ್ಲೂ ಒದಗಿಸುತ್ತಿವೆ. ಟಿಪ್ಪಣಿ, ಪಾಠಾಂತರ, ಶಬ್ದಕೋಶಗಳಿಂದ ಕೂಡಿದ ಪುರಾಣಕಾವ್ಯಕ್ಕೆ ಕೊಳ್ಳುವವರು ಕೆಲವರೇ ಆದ್ದರಿಂದ ಅದರ ಭಾರವನ್ನು ಸಂಸ್ಥೆಗಳೇ ಹೊರಬೇಕು.

ಹಾಗೆ ಹೊರುವಾಗ ಹಕ್ಕುಸ್ವಾಮ್ಯದ ಲೆಕ್ಕವನ್ನು ತಿಳಿದಿರುವುದು ಯುಕ್ತ. ಪಂಪ-ರನ್ನರ ಮೂಲಕ್ಕೆ ಹಕ್ಕುದಾರರಿಲ್ಲ. ಆದರೆ ಆಧುನಿಕ ಸಂಪಾದಕನ ಪೀಠಿಕೆ, ಟಿಪ್ಪಣಿ, ಅನುವಾದಗಳಿಗೆ ಅವನ ಮರಣಾನಂತರ 60 ವರ್ಷಗಳವರೆಗೆ ರಕ್ಷಣೆಯಿದೆ. 1936ರಲ್ಲಿ ತೀರಿಕೊಂಡ ಆರ್. ನರಸಿಂಹಾಚಾರ್ಯರ 'ಕವಿಚರಿತೆ'ಯನ್ನು ಯಾರು ಬೇಕಾದರೂ ಅಕ್ಷರೀಕರಿಸಬಹುದು. 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳ ಬರಹಗಳು 2024ರ ಆರಂಭದಿಂದ ಮುಕ್ತವಾಗಿವೆ. ಡಿ. ಎಲ್. ನರಸಿಂಹಾಚಾರ್ಯರ ಕೃತಿಗಳಿಗೆ 2031ರ ಅಂತ್ಯದವರೆಗೂ, ಆ. ನೇ. ಉಪಾಧ್ಯೆಯವರ ಕೃತಿಗಳಿಗೆ 2035ರ ಅಂತ್ಯದವರೆಗೂ ಹಕ್ಕುದಾರರ ಒಪ್ಪಿಗೆ ಅಗತ್ಯ.

ಗ್ರಂಥವಿದ್ದರೂ ಅದರ ಸೂಚಿ ಸರಿಯಿಲ್ಲದಿದ್ದರೆ ಇಲ್ಲದುದಕ್ಕೆ ಸಮ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳುತನದಲ್ಲಿ ನಡೆದ 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ಯೋಜನೆಯಲ್ಲಿ ಕನ್ನಡ ಪುಸ್ತಕಗಳು ಬಹುಸಂಖ್ಯೆಯಲ್ಲಿ ಚಿತ್ರಿತವಾದುವು. ಆದರೆ ಗ್ರಂಥನಾಮ, ಕರ್ತೃನಾಮಗಳನ್ನು ರೋಮನ್ ಲಿಪಿಯಲ್ಲಿ ನಿಯಮವಿಲ್ಲದೆ ಬರೆದ ಕಾರಣ ಒಂದೇ ಪುರಾಣ ಹಲವು ಹೆಸರುಗಳಡಿಯಲ್ಲಿ ಅಡಗಿತು. ಆ ತಾಣ ಮುಂದೆ ಸ್ಥಗಿತವಾಯಿತು. ಅದರ ಬಹಳಷ್ಟು ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪ್ರತಿಗೊಂಡಿದ್ದರಿಂದ ಉಳಿದುವು, ಸೂಚಿಯ ದೋಷಗಳ ಸಮೇತವಾಗಿ. 1948ರಲ್ಲಿ ಪ್ರಕಟವಾದ ಕೆ. ಭುಜಬಲಿ ಶಾಸ್ತ್ರಿಗಳ ತಾಡಪತ್ರ ಗ್ರಂಥಸೂಚಿಯು ಕನ್ನಡ ಪ್ರಾಂತದ ಭಂಡಾರಗಳಿಗೆ ಇಂದಿಗೂ ಕೈದೀವಿಗೆಯಾಗಿರುವುದನ್ನು ನೋಡಿದರೆ, ಯಂತ್ರವಿಲ್ಲದ ಕಾಲದ ಸೂಚೀಕಾರನ ಶಿಸ್ತಿಗೂ ಯಂತ್ರಯುಗದ ಅವಸರಕ್ಕೂ ಇರುವ ಅಂತರ ತಿಳಿಯುತ್ತದೆ.

ಉಲ್ಲೇಖದ ಕ್ರಮವೂ ಬದಲಾಗಬೇಕಾಗಿದೆ. ತೆರೆಯ ಅಗಲಕ್ಕೆ ತಕ್ಕಂತೆ ಸಾಲು ಮುರಿಯುವ ಇ-ಪುಸ್ತಕದಲ್ಲಿ ಪುಟಸಂಖ್ಯೆಗೆ ಅರ್ಥವಿಲ್ಲ. ಆಶ್ವಾಸ-ಪದ್ಯಸಂಖ್ಯೆ, ಅಧ್ಯಾಯ-ಗಾಥಾಸಂಖ್ಯೆಗಳನ್ನು ಹೇಳಬೇಕು. ಗದ್ಯಭಾಗಗಳಿಗೂ ಸಂಖ್ಯೆ ಕೊಡುವುದು ಅಗತ್ಯ. ಪದ್ಯದ ಪಾದಗಳನ್ನು ಪ್ರತ್ಯೇಕ ಸಾಲುಗಳೆಂದು ಕಡತದಲ್ಲಿಯೇ ಗುರುತಿಸಿದ್ದರೆ ಸಣ್ಣ ತೆರೆಯ ಮೇಲೂ ಕಂದದ ಆಕಾರ ಉಳಿಯುತ್ತದೆ.

ಹಳೆಯ ಲಿಪಿಕಾರನು ಓಲೆಯ ಕೊನೆಯಲ್ಲಿ ತನ್ನ ಹೆಸರು, ಬರೆಯಿಸಿದವರ ಹೆಸರು, ಸಂವತ್ಸರ, ಮಾಸ, ತಿಥಿಗಳನ್ನು ಬರೆದು, ಕೈತಪ್ಪುಗಳಿಗೆ ಕ್ಷಮೆ ಬೇಡಿ ಮುಗಿಸುತ್ತಿದ್ದನು. ಇಂದು ಕೈಯಿಂದ ಕೈಗೆ ಸಾಗುವ ಬಹುಪಾಲು ಇ-ಪುಸ್ತಕಗಳಲ್ಲಿ ಅಂತಹ ಒಂದು ಸಾಲೂ ಇರುವುದಿಲ್ಲ. ಯಾವ ಮುದ್ರಣದಿಂದ ಅಥವಾ ಯಾವ ಭಂಡಾರದ ಎಷ್ಟನೆಯ ಸಂಖ್ಯೆಯ ಪ್ರತಿಯಿಂದ ಇಳಿಸಿದುದು, ಯಾರು ತಿದ್ದಿದರು, ಯಾರು ಎರಡನೆಯ ಸಲ ನೋಡಿದರು, ೞ-ಱಗಳನ್ನು ಉಳಿಸಿದೆಯೆ ಇಲ್ಲವೆ, ಇದು ಎಷ್ಟನೆಯ ಪರಿಷ್ಕರಣ, ಯಾವ ದಿನಾಂಕದ್ದು ಎಂಬಿಷ್ಟನ್ನು ಕಡತದ ಒಳಗೆಯೇ, ಗ್ರಂಥದಿಂದ ಬೇರ್ಪಡಿಸಲಾಗದಂತೆ, ಕೊನೆಯ ಪುಟದಲ್ಲಿ ಬರೆದಿಟ್ಟರೆ ಕುಡತಿನಿಯ ವಿದ್ಯಾರ್ಥಿನಿಗೆ ತನ್ನ ಕೈಯಲ್ಲಿರುವ ಪ್ರತಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ತಿಳಿಯುತ್ತದೆ. ತಪ್ಪು ಕಂಡಾಗ ಅದನ್ನು ಯಾರಿಗೆ ಬರೆದು ತಿಳಿಸಬೇಕೆಂಬುದೂ ತಿಳಿಯುತ್ತದೆ.